ಬಿಟ್ಟುಕೊಡದ ಗರಗಸದಣ್ಣ

ಮರದ ಡಿಪೋಗೆ ಗರಗಸದಣ್ಣ ಕಾಲಿಟ್ಟನೆಂದರೆ ದಿಮ್ಮಿಗಳೂ ನೆಟ್ಟಗೆ ಮಲಗುತ್ತವೆ. ಗಿರಾಕಿ ಬಂದರೆ ಇವನು ಮೊದಲು ತೋಳು ಮಡಚಿ ಉಬ್ಬು ತೋರಿಸಬೇಕು, ಆಮೇಲೆ ಮಾತು. ಜೋಡಿ ಗರಗಸದ ಆ ತುದಿಯಲ್ಲಿ ತಮ್ಮ, ಈ ತುದಿಯಲ್ಲಿ ಇವನು. ಹೊಸಬ ಯಾರಾದರೂ ಹಿಡಿಕೆ ಹಿಡಿದು ತಳ್ಳಿದನೋ, ಬೀದಿಗೆಲ್ಲ ಕೇಳುವಂತೆ ಬೈಗುಳ: "ತಳ್ಳಬೇಡ್ವೋ, ಅಲಗು ಬಾಗುತ್ತೆ! ನಾನು ಎಳೆಯೋವಾಗ ನೀನು ಸಡಿಲ ಬಿಡು, ನೀನು ಎಳೆಯೋವಾಗ ನಾನು ಬಿಡ್ತೀನಿ. ಅಷ್ಟೂ ಗೊತ್ತಾಗಲ್ವಾ ಮಂಕೇ?" ಒಮ್ಮೆ ದಿಮ್ಮಿ ಉರುಳಿ ಇವನ ಮೊಣಕೈಯೇ ಮುರಿಯಿತು. ಪಟ್ಟಿ ಬಿಚ್ಚಿದ ಮೇಲೂ ಕೈ ಮಡಚಿದಂತೆಯೇ ನಿಂತಿತು. ವ್ಯಾಯಾಮ ಮಾಡಿಸುವ ಡಾಕ್ಟರಮ್ಮ, "ತೋಳಿನ ಮುಂದಿನ ಸ್ನಾಯು ಎಳೆದ್ರೆ ಕೈ ಮಡಚುತ್ತೆ, ಹಿಂದಿನದು ಎಳೆದ್ರೆ ನೆಟ್ಟಗಾಗುತ್ತೆ. ತಳ್ಳೋಕೆ ಎರಡಕ್ಕೂ ಬರಲ್ಲ. ಈಗ ಹಿಂದಿನದು ಎಳೀತಿದೆ, ಮುಂದಿನದು ಬಿಟ್ಟುಕೊಡ್ತಿಲ್ಲ ಯಜಮಾನ್ರೇ" ಎಂದರೆ, ಅವಳ ಮೇಲೂ ಹಾರಾಡಿದ: "ಬಿಟ್ಟುಕೊಡೋದು ನಮ್ಮ ವಂಶದಲ್ಲೇ ಇಲ್ಲಮ್ಮ!" ಆದರೆ ಕೈ ನೆಟ್ಟಗಾಗದಿದ್ದರೆ ಜೋಡಿ ಮುರಿದು, ತಮ್ಮ ಯಂತ್ರದ ಮಿಲ್ಲಿಗೆ ಕೂಲಿಯಾಗಿ ಹೋಗಬೇಕು. ಅದೊಂದು ಮಾತ್ರ ಇವನಿಗೆ ಬೇಡ. ಹಾಗಾಗಿ ಈಗ ದಿನಾ ಬೆಳಿಗ್ಗೆ, ಹಲ್ಲಿಗೆ ಗೋಣಿ ಸುತ್ತಿದ ಗರಗಸ ಹಿಡಿದು ಇಬ್ಬರೂ ಎದುರುಬದುರು ಕೂರುತ್ತಾರೆ. ತಮ್ಮ ಮೆಲ್ಲಗೆ ಎಳೆಯುತ್ತಾನೆ. ಅಣ್ಣ ತನ್ನ ತೋಳಿಗೇ ಗದರುತ್ತಾನೆ: "ಬಿಡು, ಬಿಡೋ ದರಿದ್ರದ್ದೇ!" ಮೊಣಕೈ ಕೂದಲೆಳೆಯಷ್ಟು ತೆರೆದುಕೊಳ್ಳುತ್ತದೆ, ಕಣ್ಣಲ್ಲಿ ನೀರು ಕಿತ್ತುಬರುತ್ತದೆ. "ನೋವಾಯ್ತಾ ಅಣ್ಣಾ?" ಎಂದು ತಮ್ಮ ಕೈ ತಡೆದರೆ, "ನೋವು ನಂದು, ನಿನಗ್ಯಾಕೋ? ಎಳಿ!" ಎನ್ನುತ್ತಾನೆ.