ಮಗ್ಗದ ಸದ್ದಿನಲ್ಲಿ ಹೇಳಿದ್ದು

ಬಸವಣ್ಣೆಪ್ಪನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಅದು ಅವನ ತಪ್ಪಲ್ಲ ಬಿಡಿ. ಮೀಸೆ ಚಿಗುರುವ ಮೊದಲೇ ಮಹಾರಾಷ್ಟ್ರದ ಇಚಲಕರಂಜಿಗೆ ಬಂದು ಪವರ್‌ಲೂಮ್ ಮಗ್ಗಗಳ ನಡುವೆ ನಿಂತವನ ಮೀಸೆ ಈಗ ನರೆತಿದೆ. ಆ ಗದ್ದಲದಲ್ಲಿ ದುಡಿದವರ ಕಿವಿ ಮಂದ, ಗಂಟಲು ದೊಡ್ಡದು. ಅವನು ಹೆಂಡತಿ ಚನ್ನವ್ವನಿಗೆ "ಚಹಾ ಮಾಡ" ಎಂದರೆ ಪಕ್ಕದ ಮನೆಯವರೂ ಒಲೆ ಹೊತ್ತಿಸಬೇಕು.

ಇಂಥವನ ಹೊಟ್ಟೆಯೊಳಗೆ ಒಂದು ಸಂಕಟ ಮಾತ್ರ ಸದ್ದಿಲ್ಲದೆ ಕೂತಿತ್ತು. ನಿದ್ದೆ ಬರಲೆಂದು ಕುಡಿಯುವುದು, ಕುಡಿದ ಮರುದಿನ ಮನಸ್ಸು ಕುಸಿಯುವುದು, ಕುಸಿಯಿತೆಂದು ಮತ್ತೆ ಕುಡಿಯುವುದು. ಕೊನೆಗೆ ಚನ್ನವ್ವ ಅವನನ್ನು ದವಾಖಾನೆಗೆ ಎಳೆದೊಯ್ದಳು. ಅಲ್ಲಿ ಇಂಥವರ ಮಾತು ಕೇಳಿ ಸಲಹೆ ಕೊಡುತ್ತಿದ್ದ ರುಪಾಲಿ, ಗಡಹಿಂಗ್ಲಜ ಕಡೆಯ ಹುಡುಗಿ, ಅವನ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟಳು.

"ಕಾಕಾ, ಕುಡಿತಾನೂ ಮನಸಿನ ಬ್ಯಾನಿನೂ ಒಂದಕ್ಕೊಂದು ಗಂಟ ಬಿದ್ದಾವ. ಎರಡೂ ಕೂಡೇ ಬಿಡಿಸಬೇಕ್ರಿ. ದಿನಾ ಇದರಾಗ ಮನಸ ಹೆಂಗೈತಿ ಅಂತ ಮಾತಾಡ್ರಿ. ನಾ ಕೇಳ್ತೇನಿ."

ಮೊದಲ ದಿನ ಮನೆಯ ಮೂಲೆಯಲ್ಲಿ ಕೂತು, ತನಗೆ ತಿಳಿದಷ್ಟು ಮೆಲ್ಲಗೆ, "ಇವತ್ತ ಭಾಳ ಕುಡೀಬೇಕ ಅನ್ನಿಸೈತಿ" ಎಂದ. ಓಣಿಯ ತುದಿಯಿಂದ ಯಾರೋ, "ನಡೀ ಬಸವಣ್ಣಾ, ನಾನೂ ಬರ್ತೇನಿ!" ಎಂದು ಕೂಗಿದರು. ಓಣಿಯೆಲ್ಲ ನಕ್ಕಿತು. ನಗುವವರಿಗೇನು, ಹಲ್ಲು ಕಿಸಿದರಾಯಿತು. ಬಸವಣ್ಣೆಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಮೇಲೆ ಅವನಿಗೊಂದು ಉಪಾಯ ಹೊಳೆಯಿತು. ಮಗ್ಗಗಳು ಓಡುವಾಗ ಯಾರ ಮಾತು ಯಾರಿಗೆ ಕೇಳೀತು? ಕಾರ್ಖಾನೆಯಲ್ಲೇ ಫೋನನ್ನು ಗದ್ದದ ಬಳಿ ಹಿಡಿದು ಮಾತಾಡತೊಡಗಿದ. ಹೆಂಡತಿಗೂ ಹೇಳದ್ದನ್ನೆಲ್ಲ ಹೇಳಿದ. ಒಂದು ದಿನ, "ನಾ ಇರೂದ ಬ್ಯಾಡ ಅನ್ನಿಸ್ತೈತಿ" ಎಂದೂ ಹೇಳಿಬಿಟ್ಟ.

ಮರುದಿನ ಪಾಳಿಗೆ ಹೊರಡುವ ಮೊದಲೇ ರುಪಾಲಿಯ ಫೋನು ಬಂತು. "ಕಾಕಾ, ನಿಮ್ಮ ಮಾತ ಒಂದೂ ಕೇಳವಲ್ದು. ಬರೇ ಮಗ್ಗದ ಖಟಾಖಟ್. ಹೆಂಗದೀರಿ?"

ಅಷ್ಟು ಕಷ್ಟಪಟ್ಟು ಹೇಳಿದ್ದು ಯಾರಿಗೂ ಮುಟ್ಟಿರಲಿಲ್ಲ. "ಛಲೋ ಅದೇನಿ ಯವ್ವಾ" ಎಂದ.

"ಮಾತ ಬ್ಯಾಡಂದ್ರ ಅದರಾಗ ಮಾರಿ ಚಿತ್ರ ಅದಾವ ನೋಡ್ರಿ. ಭಾಳ ತ್ರಾಸ ಆದ್ರ ಅಳೂ ಮಾರಿ ಒತ್ರಿ. ನಾನ ಫೋನ ಮಾಡ್ತೇನಿ."

ಅದೇ ಮಧ್ಯಾಹ್ನ ಪಾಳಿ ಮುಗಿಯಿತು. ಎದುರಿನ ಮಗ್ಗದ ಜಿನಗೊಂಡ ಎಂದಿನಂತೆ ಜೊತೆಗೆ ಬಂದ. ಕೆಲವು ದಿನಗಳಿಂದ ಅವನು ಸೈಕಲ್ ಹತ್ತದೆ, "ಕಾಲ ಹಿಡದಾವ, ನಡೀಬೇಕೋ" ಎನ್ನುತ್ತ, ಸಾರಾಯಿ ಅಂಗಡಿ ದಾಟಿಸಿ ಬಸವಣ್ಣೆಪ್ಪನ ಬಾಗಿಲವರೆಗೂ ನಡೆಯುತ್ತಿದ್ದ. ಅವತ್ತು ಚಹಾದಂಗಡಿಯಲ್ಲಿ ಕೂರಿಸಿ ಕೇಳಿದ:

"ನಿನ್ನಿ ಫೋನಿಗೆ ಹೇಳಿದ್ಯಲ್ಲಾ, ಅದು ಆ ಹುಡುಗಿಗೆ ಮುಟ್ಟೇತೇನು?"

ಬಸವಣ್ಣೆಪ್ಪ ದಂಗಾದ. "ನಿನಗ ಹೆಂಗ ಕೇಳಿಸ್ತು?"

"ಕೇಳಸೂದೇನ ಬಂತು? ಕಾರ್ಖಾನ್ಯಾಗ ನಾವು ಯಾವತ್ತೂ ತುಟಿ ನೋಡೇ ಅಲ್ಲೇನ ಮಾತಾಡೂದು?"

ನೋಡಿ ಬಸವಣ್ಣೆಪ್ಪನ ಜಾಣತನ! 'ದಾರ ಹರೀತು', 'ಚಹಾ ಬಂತು' ಎಂಬುದನ್ನೆಲ್ಲ ಆಚೆ ಮಗ್ಗದವನ ತುಟಿಯಲ್ಲೇ ಓದುತ್ತ ಆಯುಷ್ಯ ಕಳೆದವನು, ಜಗತ್ತಿಗೆ ಕಿವಿ ಮಾತ್ರ ಇದೆ ಅಂದುಕೊಂಡಿದ್ದ. ಎಲ್ಲವನ್ನೂ ಜಿನಗೊಂಡನ ಕಣ್ಣೆದುರೇ ಹೇಳಿದ್ದ. ಜಿನಗೊಂಡ ಒಂದನ್ನೂ ಕೆದಕದೆ, ಯಾರ ಮುಂದೂ ಆಡದೆ, ಸುಮ್ಮನೆ ಜೊತೆಗೆ ನಡೆದಿದ್ದ. ಬಸವಣ್ಣೆಪ್ಪನಿಗೆ ನಾಚಿಕೆಯಾಗಲಿಲ್ಲ, ಅಳು ಬಂತು.

"ಆಕಿಗೆ ತಿಳಸೋ ಮಾರಾಯಾ," ಎಂದ ಜಿನಗೊಂಡ. "ಜೋಡಿ ನಡ್ಯಾಕ ನಾ ಅದೇನಿ. ಔಷಧ ನನಗ ಗೊತ್ತಿಲ್ಲ."

ಬಸವಣ್ಣೆಪ್ಪ ಫೋನು ತೆಗೆದು ಅಳುವ ಮುಖವನ್ನು ಒತ್ತಿದ. ಚಹಾ ಆರುವುದರೊಳಗೆ ರುಪಾಲಿಯ ಕರೆ ಬಂತು.

"ಕಾಕಾ, ಒಬ್ಬರ ಅದೀರೇನ್ರಿ?"

"ಇಲ್ಲವ್ವಾ, ಜಿನಗೊಂಡ ಅದಾನ. ಆದ್ರ ನನಗ ಸಾಯಬೇಕ ಅನ್ನಿಸಾಕತ್ತೈತಿ. ನಾಳೆ ಬರ್ಲೇನು?"

"ನಾಳೆ ಯಾಕ್ರಿ? ಈಗ ಬರ್ರಿ. ನಾ ದವಾಖಾನ್ಯಾಗ ಇಲ್ಲೇ ಅದೇನಿ."

ಬಸವಣ್ಣೆಪ್ಪ ತಲೆಯೆತ್ತಿದ. ಅಷ್ಟರಲ್ಲಿ ಜಿನಗೊಂಡ ಎದ್ದು ನಿಂತಿದ್ದ.