ಬೂದಿ ಬೀಳದ ಸಿಗರೇಟು

ದುಬೈಯ ಇಂಟರ್‌ನ್ಯಾಷನಲ್ ಸಿಟಿಯಿಂದ ಅಬುಧಾಬಿಯ ಮುಸಫ್ಫಾಕ್ಕೆ ನಾನು ಕೆಲವು ವರ್ಷ ಒಬ್ಬರ ಕಾರಿನಲ್ಲಿ ಕೆಲಸಕ್ಕೆ ಹೋಗಿಬರುತ್ತಿದ್ದೆ. ಅವರು ದೊಡ್ಡ ಉಕ್ಕಿನ ಟ್ಯಾಂಕುಗಳನ್ನು ಕಟ್ಟುವ ನಮ್ಮ ಫ್ಯಾಬ್ರಿಕೇಶನ್ ಕಂಪನಿಯ ಸೇಫ್ಟಿ ಆಫೀಸರ್, ಮಂಗಳೂರು ಕಡೆಯ ಕೊಂಕಣಿಯವರು. ನಾನು ಅದೇ ಕಂಪನಿಯ ಆಫೀಸಿನಲ್ಲಿದ್ದವಳು, ಉಡುಪಿಯವಳು. ಕೆಲಸದ ಜಾಗದಲ್ಲಿ ಅವರು ನನಗೆ ಸರ್, ಕಾರಿನ ಬಾಗಿಲು ಹಾಕಿದ ಕೂಡಲೇ ಅಣ್ಣ. ಹಿಂದಿನ ಸೀಟಿನಲ್ಲಿ ನಮ್ಮಲ್ಲೇ ನಕ್ಷೆ ಬಿಡಿಸುವ, ಕುಂದಾಪುರ ಕಡೆಯ ಡ್ರಾಫ್ಟ್ಸ್‌ಮನ್ ಒಬ್ಬ, ಹೊಸದಾಗಿ ಮದುವೆಯಾದವ, ಹೆಚ್ಚಾಗಿ ನಿದ್ದೆಯಲ್ಲೇ ಇರುತ್ತಿದ್ದ.

ದಿನಾ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಅಣ್ಣ ಕೆಲಸಗಾರರನ್ನೆಲ್ಲ ಯಾರ್ಡಿನಲ್ಲಿ ಸೇರಿಸಿ ಸುರಕ್ಷತೆಯ ಬಗ್ಗೆ ಹಿಂದಿಯಲ್ಲಿ ಸ್ವಲ್ಪ ಹೊತ್ತು ಮಾತಾಡುತ್ತಿದ್ದರು. ಬೇರೆ ಕಂಪನಿಗಳಲ್ಲಿ ಇದು ಕಾಗದ ನೋಡಿ ಓದುವ ಶಾಸ್ತ್ರ. ಇವರದು ಹಾಗಲ್ಲ. ಒಮ್ಮೆ ಆಗಸ್ಟಿನ ಸೆಕೆಗೆ ಸೇಫ್ಟಿ ಬೆಲ್ಟ್ ಕಟ್ಟಿಕೊಳ್ಳಲು ಕೆಲಸಗಾರರು ಗೊಣಗಿದಾಗ, ತಾವೇ ಬೆಲ್ಟ್ ಬಿಗಿದುಕೊಂಡು ಟ್ಯಾಂಕಿನ ನೆತ್ತಿವರೆಗೆ ಹತ್ತಿ ಇಳಿದರು. ಅಂಗಿ ಮೈಗೆ ಅಂಟಿತ್ತು, ಮುಖ ಕೆಂಪಾಗಿತ್ತು. ಸಂಜೆ ಕಾರಿನಲ್ಲಿ ನಾನು ಕೇಳಿದ್ದಕ್ಕೆ, "ನಾನು ಮಾಡದ್ದನ್ನು ಅವರು ಯಾಕೆ ಮಾಡುದು ಮಾರಾಯ್ತಿ?" ಎಂದರು.

ಇಂಥವರಿಗೂ ಸಿಗರೇಟು ಬಿಡಲು ಆಗಿರಲಿಲ್ಲ. ಆದರೆ ನಾವಿದ್ದಾಗ ಕಾರಿನಲ್ಲಿ ಒಂದು ದಿನವೂ ಹಚ್ಚಿದವರಲ್ಲ. ಹೆದ್ದಾರಿ ಪಕ್ಕ ಚಾ ಕುಡಿಯಲು ನಿಲ್ಲಿಸುವಲ್ಲಿ ದೂರ ಹೋಗಿ ಸೇದಿ, ಕೆಮ್ಮುತ್ತಾ ಬರುತ್ತಿದ್ದರು.

ಎರಡು ಸಾವಿರದ ಹತ್ತರ ದಶಕ ಮುಗಿಯುತ್ತಾ ಬಂದಿತ್ತು. ವಿದೇಶಕ್ಕೆ ಹೋಗಿಬಂದ ಗೆಳೆಯರೊಬ್ಬರು ಅವರಿಗೆ ತಂಬಾಕು ಬಿಸಿ ಮಾಡುವ ಹೊಸ ಯಂತ್ರವೊಂದನ್ನು ತಂದುಕೊಟ್ಟರು. ನೋಡಲು ದಪ್ಪ ಪೆನ್ನಿನ ಹಾಗೆ. ಅದರೊಳಗೆ ಗಿಡ್ಡ ಸಿಗರೇಟಿನಂಥದ್ದನ್ನು ಸಿಕ್ಕಿಸಿ ಎಳೆಯುವುದು. ಬೆಂಕಿ ಇಲ್ಲ, ಬೂದಿ ಇಲ್ಲ. "ಇದು ಹೊಗೆ ಅಲ್ಲ, ಬರೀ ಆವಿ," ಎಂದು ಅಣ್ಣ ಮಗುವಿನಂತೆ ಸಂಭ್ರಮಪಟ್ಟರು. ಸಿಗರೇಟು ನಿಂತೇಹೋಯಿತು. ಕೆಮ್ಮು ಕಡಿಮೆಯಾದ ಹಾಗೆ ಕಂಡಿತು. ಬಾಲ್ಕನಿಗೆ ಅಟ್ಟುತ್ತಿದ್ದ ಹೆಂಡತಿ ಈಗ ಒಳಗೇ ಕೂರಲು ಬಿಟ್ಟಿದ್ದಾರೆಂದು ಹೇಳಿಕೊಂಡರು. ನಮ್ಮನ್ನು ಕೇಳಿ ಕಾರಿನಲ್ಲೂ ಎಳೆಯತೊಡಗಿದರು. ಹುರಿದ ಜೋಳದಂಥ ಒಂದು ವಾಸನೆ ಬರುತ್ತಿತ್ತು, ಅಷ್ಟೆ. ನಾವೂ ಖುಷಿಪಟ್ಟೆವು. ಆಮೇಲೆ ಇಲ್ಲಿನ ಅಂಗಡಿಗಳಲ್ಲೇ ಅದು ಸಿಗುವಂತಾಯಿತು. ಅಣ್ಣ ಆಫೀಸಿನಲ್ಲಿ ಸೇದುವವರಿಗೆಲ್ಲ ಅದರ ಗುಣಗಾನ ಮಾಡಿದರು, ಕೆಲವರು ತೆಗೆದುಕೊಂಡರು.

ಒಂದು ಬೆಳಿಗ್ಗೆ ಹೆದ್ದಾರಿಯಲ್ಲಿ ದಟ್ಟ ಮಂಜು. ಕಾರು ನಿಧಾನವಾಗಿ ತೆವಳುತ್ತಿತ್ತು. ಹಿಂದಿನಿಂದ ಜೋಳದ ವಾಸನೆ ಬಂತು. ತಿರುಗಿ ನೋಡಿದರೆ ಡ್ರಾಫ್ಟ್ಸ್‌ಮನ್‌ನ ಕೈಯಲ್ಲಿ ಅದೇ ಯಂತ್ರ.

"ನೀನು ಯಾವಾಗ ಸೇದಲಿಕ್ಕೆ ಶುರು ಮಾಡಿದ್ದು?" ಎಂದೆ.

"ನಾನೆಲ್ಲಿ ಸೇದಿದೆ ಅಕ್ಕ? ಜೀವಮಾನದಲ್ಲಿ ಒಂದು ಸಿಗರೇಟು ಮುಟ್ಟಿದವನಲ್ಲ. ಇದು ಬೇರೆ. ಸೇಫ್ಟಿಯವರೇ ಎಳೆಯುವಾಗ ಇದರಲ್ಲಿ ಎಂತ ಹೆದರಿಕೆ?" ಎಂದು ನಕ್ಕ.

ಅಣ್ಣ ನಗಲಿಲ್ಲ. ಮುಸಫ್ಫಾ ಮುಟ್ಟುವವರೆಗೆ ತಮ್ಮ ಯಂತ್ರವನ್ನು ಜೇಬಿನಿಂದ ತೆಗೆಯಲಿಲ್ಲ.

ಆ ವಾರವೇ ಅವರು ಒಬ್ಬರು ಲೇಡಿ ಡಾಕ್ಟರನ್ನು ಕಂಡುಬಂದರು. ಮಾರನೆ ದಿನ ಕಾರಿನಲ್ಲಿ, ನಾವು ಕೇಳದಿದ್ದರೂ, ಎಲ್ಲವನ್ನೂ ಹೇಳಿದರು. ಸುಡುವುದಿಲ್ಲವಾದ್ದರಿಂದ ಕೆಲವು ವಿಷ ಕಡಿಮೆ ಇರಬಹುದು, ಆದರೆ ಕಡಿಮೆ ಅಂದರೆ ಇಲ್ಲ ಅಂತ ಅಲ್ಲ ಎಂದಿದ್ದರಂತೆ ಡಾಕ್ಟರ್. ಅದೂ ತಂಬಾಕೇ. ನಿಕೋಟಿನ್ ಇದ್ದೇ ಇದೆ, ಚಟವೂ ಹಿಡಿಯುತ್ತದೆ, ಹೃದಯಕ್ಕೂ ಒಳ್ಳೆಯದಲ್ಲ. ಬಹಳ ವರ್ಷ ಎಳೆದವರಿಗೆ ಏನಾಗುತ್ತದೆಂದು ಹೇಳಲು ಈ ಯಂತ್ರಕ್ಕೇ ಇನ್ನೂ ಅಷ್ಟು ವಯಸ್ಸಾಗಿಲ್ಲ. "ಗೊತ್ತಿಲ್ಲದ್ದನ್ನು ನಾನು ಗೊತ್ತುಂಟು ಅಂತ ಹೇಳಿ ತಿರುಗಿದೆ," ಎಂದರು ಅಣ್ಣ.

ಅವರು ಅಲ್ಲಿಗೇ ಬಿಟ್ಟಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅವತ್ತು ಬೆಳಿಗ್ಗೆ ಯಾರ್ಡಿನಲ್ಲಿ ವೆಲ್ಡರ್‌ಗಳು, ಹೆಲ್ಪರ್‌ಗಳು, ಇಂಜಿನಿಯರ್‌ಗಳು ಎಲ್ಲ ನಿಂತಿದ್ದರು. ಅಣ್ಣ ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಜೇಬಿನಿಂದ ಯಂತ್ರ ತೆಗೆದು ಎತ್ತಿ ಹಿಡಿದರು.

"ಭಾಯಿಯೋ, ಇದರಿಂದ ಏನೂ ಆಗುವುದಿಲ್ಲ ಎಂದು ನಾನು ಹೇಳಿದ್ದೆ. ತಪ್ಪು ಹೇಳಿದ್ದೆ. ನಾನು ಎಳೆಯುವುದನ್ನು ನೋಡಿ ಸಿಗರೇಟೇ ಸೇದದ ಒಬ್ಬರು ಇದನ್ನು ಶುರು ಮಾಡಿದ್ದಾರೆ," ಎಂದು ಹಿಂದಿಯಲ್ಲಿ ಹೇಳಿದರು. ಯಾರೆಂದು ಹೇಳಲಿಲ್ಲ.

ಹಿಂದಿನ ಸಾಲಿನಿಂದ ಬಿಹಾರದ ವೆಲ್ಡರ್ ಒಬ್ಬ, "ಹಾಗಾದರೆ ಇದನ್ನು ಹಿಡಿದವರು ವಾಪಸ್ ಸಿಗರೇಟಿಗೆ ಹೋಗುವುದಾ ಸಾಬ್?" ಎಂದು ಕೇಳಿದ. ಎಲ್ಲರೂ ನಕ್ಕರು.

"ಬೇಡ. ಸಿಗರೇಟು ಬಿಟ್ಟಿದ್ದರೆ ಅದು ಬಿಟ್ಟೇ ಇರಲಿ. ಆದರೆ ಇದೇ ಕೊನೆ ಎಂದುಕೊಳ್ಳಬೇಡಿ, ಇದನ್ನೂ ಬಿಡಿ. ಸೇದದವರು ಮುಟ್ಟಲೇಬೇಡಿ. ಇವತ್ತಿಂದ ನನ್ನದು ಖಲಾಸ್. ನನ್ನ ಕೈಯಲ್ಲಿ ಕಂಡರೆ ಯಾರು ಬೇಕಾದರೂ ತಡೆಯಬಹುದು."

ನಾನು ಆಫೀಸಿನ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆ. ಆ ಕಂಪನಿಯಲ್ಲಿ ಮ್ಯಾನೇಜರುಗಳು ತಪ್ಪು ಒಪ್ಪಿಕೊಂಡದ್ದನ್ನು ನಾನು ಕಂಡಿರಲಿಲ್ಲ, ಅದೂ ಹೆಲ್ಪರ್‌ಗಳ ಎದುರು.

ಹೇಳಿದಷ್ಟು ಸುಲಭವಾಗಿ ಅದು ಬಿಡಲಿಲ್ಲ. ಸಿಡುಕು ಬಂತು. ಒಮ್ಮೆ ಹೆದ್ದಾರಿಯಿಂದ ಇಳಿಯುವ ನಮ್ಮ ಎಕ್ಸಿಟ್ ತಪ್ಪಿ ಎಲ್ಲಿಗೋ ಹೋದೆವು. ಎಳೆಯುವ ಬದಲು ತಿಂದ ನೆಲಗಡಲೆಯ ಸಿಪ್ಪೆ ಕಾರಿನ ತುಂಬ. ಒಂದು ಸಂಜೆ ಕಾರು ಹತ್ತಿದವರೇ, "ಇವತ್ತು ಸೋತೆ. ಗೋದಾಮಿನ ಹಿಂದೆ ಹೋಗಿ ಒಂದು ಸಿಗರೇಟು ಸೇದಿದೆ," ಎಂದರು. ನಾನು, "ನಾಳೆ ಪುನಃ ಶುರು ಮಾಡುವಾ ಅಣ್ಣ," ಎಂದೆ. ಡಾಕ್ಟರ್ ಚಟ ಬಿಡಿಸಲು ತೋಳಿಗೆ ಅಂಟಿಸುವ ನಿಕೋಟಿನ್ ಪಟ್ಟಿ ಕೊಟ್ಟರು. ತಿಂಗಳುಗಳು ಹಿಡಿದವು, ಆದರೆ ಎರಡೂ ಬಿಟ್ಟುಹೋದವು. ಟ್ಯಾಂಕಿನ ಏಣಿಯಲ್ಲಿ ಏದುಸಿರು ಪೂರ್ತಿ ಹೋಗಲಿಲ್ಲ. "ಇಷ್ಟು ವರ್ಷ ಹೊಗೆ ಕುಡಿದದ್ದು ಸುಮ್ಮನೆ ಹೋಗ್ತದಾ?" ಎಂದು ಅವರೇ ಹೇಳುತ್ತಿದ್ದರು.

ಡ್ರಾಫ್ಟ್ಸ್‌ಮನ್ ಮಾತ್ರ ಬಿಡಲಿಲ್ಲ. ಯಾರ್ಡಿನ ಮಾತು ತನ್ನ ಬಗ್ಗೆಯೇ ಎಂದು ಅವನಿಗೆ ಗೊತ್ತಾಗಿ ಕೆಲವು ದಿನ ಮುಖ ಊದಿಸಿಕೊಂಡಿದ್ದ. ಅಣ್ಣ ಅವನಿಗೆ ಉಪದೇಶ ಮಾಡಲಿಲ್ಲ. "ತಪ್ಪು ನನ್ನದು," ಎಂದು ಒಮ್ಮೆ ಹೇಳಿದರು. ನಾನು ಬೇರೆ ಕೆಲಸಕ್ಕೆ ಸೇರುವಾಗಲೂ ಅವನ ಜೇಬಿನಲ್ಲಿ ಅದು ಇತ್ತು.

ಮುಂದಿನ ಚಳಿಗಾಲದಲ್ಲಿ ಅವನು ಫೋನ್ ಮಾಡಿದ. ಹೆಂಡತಿ ಬಸುರಿ ಎಂದ. ಆ ಯಂತ್ರ ಬಿಡಬೇಕೆಂದು ಅಣ್ಣ ಕಂಡ ಅದೇ ಡಾಕ್ಟರ ಹತ್ತಿರ ಬಂದಿದ್ದೇನೆ ಎಂದ.

"ಒಬ್ಬನೇ ಬಂದದ್ದಾ?" ಎಂದು ಕೇಳಿದೆ.

"ಇಲ್ಲ ಅಕ್ಕ. ಸೇಫ್ಟಿಯಣ್ಣ ಅರ್ಧ ದಿನ ರಜೆ ಹಾಕಿ ಬಂದಿದ್ದಾರೆ. ಪಕ್ಕದಲ್ಲೇ ಕೂತಿದ್ದಾರೆ. ಮಾತಾಡ್ತೀರಾ?"