ಕತ್ತರಿಸಿದ ಕೋಲಾರ

೨೦೦೭ರ ನವೆಂಬರ್ ೧೬, ಶುಕ್ರವಾರ. ತಾರೀಖು ನನ್ನ ಕಿಸೆ ದಿನಚರಿಯದು. ವಾರವನ್ನು ಆ ವರ್ಷದ ಪಂಚಾಂಗದೊಡನೆ ಹೋಲಿಸಿ ಒಪ್ಪಿಕೊಂಡಿದ್ದೇನೆ. ಸಂಶೋಧನಾ ವೃತ್ತಿಯಿಂದ ನಿವೃತ್ತನಾದ ಮೇಲೆ ಚಿಂತಾಮಣಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯ ನಾಲ್ಕನೆಯ ತರಗತಿಗೆ ಶುಕ್ರವಾರಗಳಂದು ಸಂಬಳವಿಲ್ಲದೆ ಭೂಗೋಳ ಹೇಳಿಕೊಡುತ್ತಿದ್ದೆ. ಅಂದಿನ ಪಾಠ ನಮ್ಮ ಜಿಲ್ಲೆ.

ಜಿಲ್ಲೆ ಹೊಸದು, ನಕ್ಷೆ ಹಳೆಯದು. ಆಗಸ್ಟಿನಲ್ಲೇ ಆರು ತಾಲ್ಲೂಕುಗಳು ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾಗಿದ್ದವು. ಗೋಡೆಯ ಮೇಲೆ ಮಾತ್ರ ಹನ್ನೊಂದು ತಾಲ್ಲೂಕುಗಳ ಕೋಲಾರವೇ ತೂಗುತ್ತಿತ್ತು. ಇಲ್ಲದ ಜಿಲ್ಲೆಯನ್ನು ಮಕ್ಕಳಿಗೆ ಕಲಿಸಲು ನಾನು ಸಿದ್ಧನಿರಲಿಲ್ಲ. ಮುಖ್ಯೋಪಾಧ್ಯಾಯಿನಿಯವರ ಕತ್ತರಿಯನ್ನು ಕೇಳಿ ತಂದು, ನಕ್ಷೆಯನ್ನು ನೆಲಕ್ಕೆ ಹಾಸಿ, ಬೇರೆಯಾದ ತಾಲ್ಲೂಕುಗಳ ಗಡಿಗುಂಟ ಮಕ್ಕಳಿಂದಲೇ ಕತ್ತರಿ ಹಾಕಿಸಿದೆ.

"ಸಾರ್, ಚಿನ್ನದ ಗಣಿ ಆ ಕಡೆ ಹೋಯ್ತು!"

"ಅದು ಮುಚ್ಚೋಗೈತೆ ಬಿಡೋ. ಶ್ರೀನಿವಾಸಪುರದ ಮಾವಿನಹಣ್ಣು ಹೋಯ್ತಲ್ಲೋ!"

"ನಂದಿಬೆಟ್ಟ ನಮಗೇ ಬಂತು ಕಣೋ."

"ಬೆಟ್ಟ ತಿಂತೀಯಾ?"

ಒಬ್ಬಳು ಹುಡುಗಿ ಮಾತ್ರ ನಕ್ಷೆಯ ಮೇಲೆ ಅಂಗೈ ಒತ್ತಿ ಕುಳಿತಳು. "ಇಲ್ಲಿ ಕತ್ತರಿಸ್ಬೇಡಿ ಸಾರ್. ರಜಾಕ್ಕೆ ಶ್ರೀನಿವಾಸಪುರಕ್ಕೆ, ನಮ್ಮಜ್ಜಿ ಮನೆಗೆ ಹೆಂಗೆ ಹೋಗ್ಲಿ?"

"ಬಸ್ಸು ನಿಲ್ಲಲ್ಲಮ್ಮ, ಕಾಗದ ಮಾತ್ರ ತುಂಡಾಗತ್ತೆ" ಎಂದೆ. ಅವಳು ನಂಬಲಿಲ್ಲ. ಕೊನೆಗೆ ಅಲ್ಲಿ ಎರಡು ಬೆರಳಗಲ ಜಾಗ ಬಿಟ್ಟೆವು. ಅಜ್ಜಿಯ ಊರಿನ ಬಸ್ ರಸ್ತೆಯನ್ನೇ ಆಧಾರ ಮಾಡಿಕೊಂಡು ಎರಡು ಜಿಲ್ಲೆಗಳೂ ಗೋಡೆಯಲ್ಲಿ ಜೋತಾಡಿದವು.

ಮುಂದಿನ ಶುಕ್ರವಾರ ತಪಾಸಣೆಗೆ ಅಧಿಕಾರಿಯೊಬ್ಬರು ಬಂದರು.

"ಸರ್ಕಾರಿ ನಕ್ಷೆ ಕತ್ತರಿಸಿದ್ದು ಯಾರ್ರೀ?"

"ಕತ್ತರಿಸಿದ್ದು ಸರ್ಕಾರ ಸ್ವಾಮಿ. ನಾವು ಅದೇ ಗೆರೆ ಮೇಲೆ ಕತ್ತರಿ ಓಡಿಸಿದ್ವಿ, ಅಷ್ಟೆ."

"ನಾಳೆಯಿಂದ ನೀವು ಈ ಕ್ಲಾಸಿಗೆ ಕಾಲಿಡಕೂಡದು!"

ನನಗೆ ಉಳಿದಿದ್ದ ತರಗತಿ ಅದೊಂದೇ. ಅಷ್ಟರಲ್ಲಿ ಆ ಹುಡುಗಿ ಎದ್ದು ನಿಂತು, ಅಭಯ ಕೊಡುವವಳಂತೆ ಅಧಿಕಾರಿಗೆ ಹೇಳಿದಳು: "ಬಸ್ ರೋಡ್ ಬಿಟ್ಟಿದೀವಿ ಸಾರ್. ನೀವು ಹೋಗ್ಬಹುದು."

ತರಗತಿ ಘೊಳ್ಳೆಂದಿತು. ಅಧಿಕಾರಿ ಮುಖ ಬಿಗಿದುಕೊಂಡು ಮುಖ್ಯೋಪಾಧ್ಯಾಯಿನಿಯವರ ಕೋಣೆಗೆ ನಡೆದರು. ಅವರು ಹೊರಟುಹೋದ ಮೇಲೆ ಆಕೆ ಬಂದು, "ಮುಂದಿನ ವಾರ ನದಿಗಳ ಪಾಠ ತಾನೇ ಸಾರ್?" ಎಂದರು. ಹುಡುಗಿಯ ಮಾತೇ ನನ್ನನ್ನು ಉಳಿಸಿತೆಂದು ಇಷ್ಟು ವರ್ಷ ನಂಬಿದ್ದೆ.

ಈ ಬರಹಕ್ಕಾಗಿ ಶಾಲೆಯ ದಾಸ್ತಾನು ಪುಸ್ತಕವನ್ನು ನೋಡಿದೆ. ನವೆಂಬರ್ ೨೩ರ ನಮೂದು ಮುಖ್ಯೋಪಾಧ್ಯಾಯಿನಿಯವರ ಕೈಬರಹದಲ್ಲಿದೆ: "ಕೋಲಾರ ಜಿಲ್ಲಾ ನಕ್ಷೆ, ಒಂದು. ಇಲಿ ಕಡಿದು ಹಾಳಾಗಿದೆ." ಕೆಳಗೆ ಅಧಿಕಾರಿಯ ಸಹಿ. ಆಕೆಗೆ ನಾನು ಋಣಿ. ಆದರೆ ಆ ನಮೂದನ್ನು ಸಾಕ್ಷ್ಯವೆಂದು ಒಪ್ಪಲಾರೆ. ತಾಲ್ಲೂಕಿನ ಗಡಿ ತಪ್ಪದೆ ಕಡಿದು, ಶ್ರೀನಿವಾಸಪುರದ ಬಸ್ ರಸ್ತೆಯನ್ನಷ್ಟೇ ಉಳಿಸಿದ ಇಲಿಯ ಉಲ್ಲೇಖ ಬೇರಾವ ದಾಖಲೆಯಲ್ಲೂ ನನಗೆ ದೊರೆತಿಲ್ಲ.